ಪದ ಪರಿಚಯ: ಆಟ ಆಧಾರಿತ ಪುನಶ್ಚೇತನ

ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಥೆರಪಿಗೆ ಕರೆದೊಯ್ಯುವ ತಂದೆತಾಯಿಯರ ಕಿವಿಗೆ ಈಚೆಗೆ ‘ಗೇಮ್ ಥೆರಪಿ’, ‘ಆಟ ಆಧಾರಿತ ಪುನಶ್ಚೇತನ’ ಎಂಬ ಮಾತು ಆಗಾಗ ಬೀಳುತ್ತದೆ. ಎಕ್ಸರ್‌ಸೈಜ್ ಮುಗಿದ ಮೇಲೆ ಮಗುವಿಗೆ ಸಿಗುವ ಬಿಡುವು, ಇಲ್ಲವೇ ಅಳು ನಿಲ್ಲಿಸಲು ಕೈಗಿಡುವ ಮೊಬೈಲ್ ಎಂದೇ ಅನೇಕರು ತಿಳಿಯುತ್ತಾರೆ. ಅದು ತಪ್ಪು ತಿಳಿವಳಿಕೆ. ಮಗು ಕಲಿಯಬೇಕಾದ ಚಲನೆಯನ್ನೇ ಆಟದ ನಿಯಮದೊಳಗೆ ಸೇರಿಸಿ, ಆ ಚಲನೆ ಮಾಡಿದರೆ ಮಾತ್ರ ಆಟ ಮುಂದೆ ಸಾಗುವಂತೆ ಹೊಂದಿಸುವ ಚಿಕಿತ್ಸಾ ಕ್ರಮಕ್ಕೆ ಈ ಹೆಸರು. ಚೆಂಡು ಬುಟ್ಟಿಗೆ ಬೀಳಬೇಕಾದರೆ ಮೊಣಕೈ ನೇರವಾಗಲೇಬೇಕು. ಪರದೆಯ ಮೇಲಿನ ದೋಣಿ ಎಡಕ್ಕೆ ತಿರುಗಬೇಕಾದರೆ ಎಡಗಾಲಿನ ಮೇಲೆ ಮೈಭಾರ ಬೀಳಲೇಬೇಕು.

ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲೋ ಹೆರಿಗೆಯ ಹೊತ್ತಿನಲ್ಲೋ ಹುಟ್ಟಿದ ಹೊಸತರಲ್ಲೋ ಆದ ಹಾನಿಯಿಂದ ಚಲನೆ ಮತ್ತು ಭಂಗಿಯ ಹತೋಟಿ ತಪ್ಪುವ ಸ್ಥಿತಿ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1862ರಲ್ಲಿ ಇದನ್ನು ಕಷ್ಟದ ಹೆರಿಗೆಯೊಂದಿಗೆ ಜೋಡಿಸಿ ವಿವರಿಸಿದ್ದರು. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ಉಸಿರುಗಟ್ಟುವುದು, ವಿಪರೀತಕ್ಕೇರಿದ ಕಾಮಾಲೆ, ಮಿದುಳಿನ ಸೋಂಕು ಇವೆಲ್ಲ ಕಾರಣವಾಗಬಲ್ಲವು. ಮಿದುಳಿನ ಆ ಗಾಯ ಮುಂದೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯುಗಳು ಬಿಗಿಯುತ್ತವೆ, ಕೀಲುಗಳು ಸೆಟೆಯುತ್ತವೆ, ಬಳಸದ ಕೈ ಇನ್ನಷ್ಟು ಹಿಂದೆ ಬೀಳುತ್ತದೆ. ಚಿಕಿತ್ಸೆ ಬೇಗ ಶುರುವಾಗಬೇಕು ಎನ್ನುವುದು ಇದಕ್ಕೇ.

ಇಲ್ಲಿ ಆಟವೇ ಏಕೆ ಬೇಕು? ಎಳೆಯ ಮಿದುಳಿಗೆ ತನ್ನ ದಾರಿಗಳನ್ನು ಹೊಸದಾಗಿ ಹೆಣೆದುಕೊಳ್ಳುವ ಶಕ್ತಿ ಇದೆ. ಆದರೆ ಅದಕ್ಕೆ ಚಲನೆ ಮಗುವಿನ ಸ್ವಂತ ಇಚ್ಛೆಯಿಂದ ಹುಟ್ಟಬೇಕು, ನೂರಾರು ಸಾವಿರಾರು ಸಲ ಮರುಕಳಿಸಬೇಕು, ಪ್ರತಿಸಲವೂ ಗುರಿ ಮುಟ್ಟಿತೋ ಇಲ್ಲವೋ ಎಂಬುದು ಆ ಕ್ಷಣವೇ ಗೊತ್ತಾಗಬೇಕು. ದೊಡ್ಡವರು ಮಗುವಿನ ಕೈಕಾಲು ಹಿಡಿದು ಎಳೆದು ಮಡಚಿದರೆ ಚಲಿಸುವುದು ಕೈಕಾಲು. ಮಿದುಳಿಗೆ ಅಲ್ಲಿ ಕಲಿಯುವ ಕೆಲಸವೇ ಇರುವುದಿಲ್ಲ. ಆಸ್ಟ್ರೇಲಿಯಾದ ಸಂಶೋಧಕಿ ಇಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ ಟ್ರಾಫಿಕ್ ಸಿಗ್ನಲ್ಲಿನ ಬಣ್ಣಗಳಲ್ಲಿ ವಿಂಗಡಿಸಿದರು. ಹಸಿರು ಪಡೆದವುಗಳಲ್ಲಿ ಗುರಿ ಇಟ್ಟುಕೊಂಡು ಮಾಡುವ ತರಬೇತಿ, ಎರಡೂ ಕೈ ಬಳಸುವ ತರಬೇತಿ, ಮನೆಯಲ್ಲಿ ಮುಂದುವರಿಸುವ ಕಾರ್ಯಕ್ರಮ ಇದ್ದವು. ಇವೆಲ್ಲದರಲ್ಲೂ ಕೆಲಸ ಮಾಡುವುದು ಮಗುವೇ. ನಾಲ್ಕು ವರ್ಷದ ಕೂಸಿಗೆ ‘ಮೊಣಕೈ ನೇರ ಮಾಡು, ಇನ್ನೂ ಐವತ್ತು ಸಲ’ ಎಂದರೆ ಅದು ಮಾಡೀತೇ? ಆಟದಲ್ಲಾದರೆ ಯಾರೂ ಹೇಳದೆಯೇ ಮಾಡುತ್ತದೆ.

ಇದಕ್ಕೆ ದುಬಾರಿ ಯಂತ್ರ ಬೇಕೆಂದಿಲ್ಲ. ನಮ್ಮ ಅಳಗುಳಿಮಣೆಯನ್ನೇ ನೋಡಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಯೊಳಗಿನ ಕಾಯಿಗಳನ್ನು ಬೆರಳತುದಿಯಿಂದ ಬಳಿದು ತೆಗೆಯಬೇಕು, ಅಂಗೈಯಲ್ಲಿ ಮುಚ್ಚಿ ಹಿಡಿಯಬೇಕು, ಅವುಗಳಲ್ಲಿ ಒಂದನ್ನೇ ಅಂಗೈಯಿಂದ ಬೆರಳತುದಿಗೆ ಜಾರಿಸಬೇಕು, ಮುಂದಿನ ಗುಳಿಯ ಮೇಲೆ ಕೈ ನಿಲ್ಲಿಸಿ ಬಿಡಬೇಕು. ಸೆಟೆದ ಕೈಗೆ ಹಿಡಿಯುವುದಕ್ಕಿಂತ ಬಿಡುವುದು ಕಷ್ಟ. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು ಮುಷ್ಟಿ ಬಿಚ್ಚುವುದೇ ಇಲ್ಲ. ಅಳಗುಳಿಮಣೆಯಲ್ಲಿ ಒಂದೊಂದು ಸರದಿಗೂ ಹಲವು ಸಲ ಮುಷ್ಟಿ ಬಿಚ್ಚಲೇಬೇಕಾಗುತ್ತದೆ.

ನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟರ ಜಾಣ್ಮೆ ಇರುವುದು ಇದನ್ನು ಮಗುವಿನ ಅಳತೆಗೆ ತರುವುದರಲ್ಲಿ. ಮೊದಲಿಗೆ ಅಡಿಕೆ ಗಾತ್ರದ ಕಾಯಿ, ಕೈ ಪಳಗಿದ ಮೇಲೆ ಹುಣಸೆ ಬೀಜ. (ಗುಲಗಂಜಿ ಬೇಡ. ಅದರ ಬೀಜ ಅಗಿದು ನುಂಗಿದರೆ ವಿಷ. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿನ ಕೈಗೆ ಸಣ್ಣ ಬೀಜ ಯಾವುದನ್ನೂ ಕೊಡಬೇಡಿ.) ಮಣೆಯನ್ನು ಹತ್ತಿರ ಇಟ್ಟರೆ ಬೆರಳಿನ ಕೆಲಸ, ಒಂದು ಗೇಣು ದೂರ ಇಟ್ಟರೆ ಮೊಣಕೈ ಚಾಚುವ ಕೆಲಸ, ಪಕ್ಕಕ್ಕೆ ಸರಿಸಿದರೆ ಮೈಯ ನಡುಗೆರೆ ದಾಟಿ ಕೈ ಹೋಗುವ ಕೆಲಸ. ಇನ್ನೊಂದು ಕೈ ಮಣೆಯನ್ನು ಒತ್ತಿ ಹಿಡಿದಿರಬೇಕೆಂದು ನಿಯಮ ಮಾಡಿದರೆ ಎರಡೂ ಕೈಗೆ ಕೆಲಸ ಸಿಕ್ಕಿತು. ಎದುರಿಗೆ ಅಕ್ಕನೋ ಅಜ್ಜಿಯೋ ಕೂತರೆ ಆಟಕ್ಕೆ ಜೀವ ಬರುತ್ತದೆ.

ವಿಡಿಯೊ ಗೇಮುಗಳು ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಗೆ ಬಂದದ್ದು, ಕೈಯಲ್ಲಿ ಹಿಡಿದ ರಿಮೋಟನ್ನು ಬೀಸಿ ಆಡುವ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ‘ವೀ’ 2006ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ. 2008ರಲ್ಲಿ ಅಮೆರಿಕದ ಜುಡಿತ್ ಡಾಯ್ಚ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿ ಇದ್ದ ಒಬ್ಬ ಹದಿಹರೆಯದ ರೋಗಿಯ ತರಬೇತಿಗೆ ಅದನ್ನು ಬಳಸಿ ವರದಿ ಪ್ರಕಟಿಸಿದರು. ಭಂಗಿಯ ಹತೋಟಿ, ಓಡಾಟದಲ್ಲಿ ಸುಧಾರಣೆ ಕಂಡಿತ್ತು. ವೀಗೆ ಜೋಡಿಸಲೆಂದು ಆಮೇಲೆ ಬಂದ ಬ್ಯಾಲೆನ್ಸ್ ಬೋರ್ಡಿನ ಮೇಲೆ ನಿಂತರೆ ಭಾರ ಯಾವ ಕಡೆ ವಾಲಿದೆ ಎಂಬುದನ್ನು ಅದರ ನಾಲ್ಕು ಸೆನ್ಸರುಗಳು ಅಳೆಯುತ್ತವೆ. ಮೈಕ್ರೊಸಾಫ್ಟ್ 2010ರಲ್ಲಿ ತಂದ ಕಿನೆಕ್ಟ್ ಕ್ಯಾಮೆರಾ ಮೈಯ ಚಲನೆಯನ್ನೇ ಗುರುತಿಸುತ್ತಿದ್ದರಿಂದ ಏನನ್ನೂ ಹಿಡಿಯಲಾಗದ ಮಕ್ಕಳೂ ಆಡಬಹುದಾಯಿತು.

ಆದರೆ ಅಂಗಡಿಯಲ್ಲಿ ಸಿಗುವ ಗೇಮುಗಳು ಈ ಮಕ್ಕಳಿಗಾಗಿ ಮಾಡಿದವಲ್ಲ. ಅವುಗಳ ವೇಗ ಹೆಚ್ಚು. ‘ಸೋತೆ’ ಎಂದು ಪದೇ ಪದೇ ತೋರಿಸುವ ಪರದೆಯ ಮುಂದೆ ಮಗು ಕುಗ್ಗುತ್ತದೆ. ಇನ್ನೊಂದು ತೊಂದರೆ ಥೆರಪಿಸ್ಟರಿಗೆ ಚೆನ್ನಾಗಿ ಗೊತ್ತು: ವೀ ಟೆನಿಸ್ ಗೆಲ್ಲಲು ತೋಳು ಬೀಸಬೇಕಿಲ್ಲ, ಕೂತಲ್ಲೇ ಮಣಿಕಟ್ಟು ಜಾಡಿಸಿದರೂ ಸಾಕು. ಮೊಣಕೈ ಚಾಚುವ ಬದಲು ಮಗು ಇಡೀ ಮೈಯನ್ನೇ ಮುಂದಕ್ಕೆ ಬಾಗಿಸಿ ಗುರಿ ಮುಟ್ಟುತ್ತದೆ. ಅಂಕ ಏರುತ್ತದೆ, ಕೈ ಇದ್ದಲ್ಲೇ ಇರುತ್ತದೆ. ಪುನಶ್ಚೇತನಕ್ಕೆಂದೇ ರೂಪಿಸಿದ ಗೇಮುಗಳು ಮೊದಲು ಮಗುವಿನ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ಅಳೆದು, ಗುರಿಯನ್ನು ಅದಕ್ಕಿಂತ ತುಸುವೇ ಆಚೆ ಇಡುತ್ತವೆ. ಅವುಗಳಿದ್ದರೂ ಪಕ್ಕದಲ್ಲಿ ಕೂತು ನೋಡುವ ಕಣ್ಣು ಬೇಕೇ ಬೇಕು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಆಂಡ್ರ್ಯೂ ಗಾರ್ಡನ್ ತಂಡ ನಡೆಸಿದ ಹಗಲು ಶಿಬಿರಗಳಲ್ಲಿ ಯಂತ್ರದ ಹಂಗೇ ಇರಲಿಲ್ಲ. ಮೈಯ ಒಂದು ಪಕ್ಕ ಮಾತ್ರ ಬಾಧಿತವಾದ ಮಕ್ಕಳು ದಿನಕ್ಕೆ ಆರು ಗಂಟೆಯಂತೆ 15 ದಿನ ಆಟವಾಡಿದರು. ಒಂದು ಗುಂಪಿಗೆ ಚೆನ್ನಾಗಿರುವ ಕೈಯನ್ನು ಕಟ್ಟಿ ಬಾಧಿತ ಕೈಯಿಂದಲೇ ಆಡುವ ಕ್ರಮ, ಇನ್ನೊಂದಕ್ಕೆ ಎರಡೂ ಕೈ ಬೇಕಾಗುವ ಆಟಗಳು. 42 ಮಕ್ಕಳ ಮೇಲಿನ ಈ ಹೋಲಿಕೆ 2011ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನ ಕೈಗಳು ಸುಧಾರಿಸಿದವು. ಮನೆಯವರು ಆರಿಸಿಕೊಂಡ ನಿತ್ಯದ ಗುರಿಗಳನ್ನು ಮುಟ್ಟುವುದರಲ್ಲಿ ಎರಡೂ ಕೈ ಬಳಸಿದವರು ಮುಂದಿದ್ದರು. ಅಂಗಿಯ ಗುಂಡಿ ಹಾಕಲು, ಡಬ್ಬಿಯ ಮುಚ್ಚಳ ತೆಗೆಯಲು ಬೇಕಾಗುವುದು ಎರಡು ಕೈ ತಾನೆ?

ಹಾಗಾಗಿ ಆಟದ ಅಂಕವನ್ನು ಸುಧಾರಣೆ ಎಂದು ನಂಬಬಾರದು. ಪರದೆಯ ಮೇಲೆ ಹಣ್ಣು ಕತ್ತರಿಸುವುದರಲ್ಲಿ ನಿಪುಣನಾದ ಹುಡುಗನಿಗೆ ಲೋಟ ಎತ್ತಲು ಬರದಿರಬಹುದು. ವಿಡಿಯೊ ಗೇಮಿನ ಅಧ್ಯಯನಗಳಲ್ಲಿ ಬಹಳಷ್ಟು ಸಣ್ಣವು. ಎಂದಿನ ಥೆರಪಿಯ ಜತೆಗೆ ಸೇರಿಸಿಕೊಳ್ಳುವುದೇ ಸರಿ, ಅದರ ಬದಲಿಗೆ ಅಲ್ಲ. ಕೈಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್, ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್, ಶಸ್ತ್ರಚಿಕಿತ್ಸೆ ಬೇಕಾದ ಮಗುವಿಗೆ ಅವು ಬೇಕೇ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಅಪಸ್ಮಾರವೂ (ಫಿಟ್ಸ್) ಇರುತ್ತದೆ. ಮಿನುಗುವ ಪರದೆಯ ಮುಂದೆ ಕೂರಿಸುವ ಮೊದಲು ನರರೋಗ ತಜ್ಞರನ್ನು ಕೇಳಿ.

ತಲೆ ನಿಲ್ಲದ, ಕೈ ಎತ್ತಲಾಗದ ಮಗುವಿಗೆ ಆಟವೇ ಇಲ್ಲ ಎಂದುಕೊಳ್ಳಬೇಡಿ. ಕೆನ್ನೆ ತಾಗಿದರೂ ಒತ್ತಿಕೊಳ್ಳುವ ದೊಡ್ಡ ಸ್ವಿಚ್ಚಿಗೆ ಹಾಡುವ ಬೊಂಬೆಯನ್ನು ಜೋಡಿಸಿದರೆ, ನಾನು ಮಾಡಿದ್ದಕ್ಕೇ ಇದು ನಡೆಯಿತು ಎಂಬ ಅರಿವು ಆ ಮಗುವಿಗೂ ಸಿಗುತ್ತದೆ. ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತೆರೆದಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ (ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಶುರುಮಾಡುವ ಕೇಂದ್ರಗಳು) ತಪಾಸಣೆ, ಥೆರಪಿ ಉಚಿತ. ಅಲ್ಲಿಗೆ ಹೋಗಲಿ, ಖಾಸಗಿ ಕ್ಲಿನಿಕ್ಕಿಗೆ ಹೋಗಲಿ, ಆಟ ಶುರುವಾಗುವ ಮುನ್ನ ಥೆರಪಿಸ್ಟರನ್ನು ಕೇಳಿ: ಈ ಆಟದಿಂದ ನನ್ನ ಮಗು ಯಾವ ಚಲನೆ ಕಲಿಯಬೇಕು, ಮನೆಯಲ್ಲಿ ಅದು ಯಾವ ಕೆಲಸಕ್ಕೆ ಬರುತ್ತದೆ, ಯಾವಾಗ ಮತ್ತೆ ಅಳೆದು ನೋಡುತ್ತೀರಿ? ತಿಂಗಳುಗಟ್ಟಲೆ ಅದೇ ಆಟ ಅದೇ ಹಂತದಲ್ಲಿ ನಡೆಯುತ್ತಿದ್ದರೆ, ಬದಲಿಸಿ ಎಂದು ಹೇಳಲು ಹಿಂಜರಿಯಬೇಡಿ.