ಆಫೀಸಿಗೆ ಹೋಗಬೇಕು, ಈಗಲೇ ಬಾಟಲಿ ರೂಢಿ ಮಾಡಿಸಲಾ?

ಪ್ರಶ್ನೆ: ಮಗುವಿಗೆ ಎರಡು ತಿಂಗಳು. ವಿಜಯನಗರದ ಅಮ್ಮನ ಮನೆಯಲ್ಲಿದ್ದೇನೆ. ರಜೆ ಮುಗಿದ ಮೇಲೆ ವೈಟ್‌ಫೀಲ್ಡ್ ಆಫೀಸಿಗೆ ಇಲ್ಲಿಂದಲೇ ಓಡಾಡಬೇಕು. ‘ಈಗಲೇ ಬಾಟಲಿಯಲ್ಲಿ ಪುಡಿ ಹಾಲು ರೂಢಿ ಮಾಡಿಸು, ಆಮೇಲೆ ಹಟ ಮಾಡುತ್ತೆ’ ಅಂತಾರೆ ಗೆಳತಿಯರು. ಏನು ಮಾಡಲಿ?

ಉತ್ತರ: ಈಗಲೇ ಬೇಡ. ಮೊದಲು ರಜೆ ಎಣಿಸಿ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ಮುಗಿಸಿದ್ದರೂ ಆಮೇಲೆ 18 ವಾರ ಉಳಿಯುತ್ತದೆ. ಅಂದರೆ ಕೈಯಲ್ಲಿ ಇನ್ನೂ ಎರಡು ತಿಂಗಳಾದರೂ ಇದೆ, ಅಲ್ವಾ?

ತುಂಬಿಟ್ಟು ಬೇಕಾದಾಗ ಮೋಟಾರ್ ಹಾಕೋಣ ಅನ್ನೋದಕ್ಕೆ ತಾಯಿ ಹಾಲು ಸಂಪಿನ ನೀರಲ್ಲ. ಮಗು ಚೀಪಿದಷ್ಟೂ ಊರುತ್ತದೆ. ಪುಡಿ ಹಾಲಿನಿಂದ ಹೊಟ್ಟೆ ತುಂಬಿದ ಮಗು ಕಡಿಮೆ ಚೀಪುತ್ತದೆ, ಹಾಲು ಇಳಿಯುತ್ತದೆ. ಆಗ ಮನೆಯಲ್ಲಿ ಯಾರೋ ‘ನಿನಗೆ ಹಾಲೇ ಸಾಲ್ತಿಲ್ಲ ಕಣೇ’ ಅನ್ನುತ್ತಾರೆ. (ಹಾಗೆ ಹೇಳೋಕೆ ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ.) ಇನ್ನೊಂದು ಬಾಟಲಿ ಬರುತ್ತದೆ. ಮಗು ಅಳೋದನ್ನು ನೋಡಿ ಹಾಲು ಅಳೆಯಬೇಡಿ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಸಾಲುತ್ತಿದೆ ಅಂತಲೇ ಅರ್ಥ. ಸಬ್ಬಸಿಗೆ ಸೊಪ್ಪಿನ ಸಾರು ಉಣ್ಣಿ, ರುಚಿಯಾಗಿರುತ್ತೆ. ಆದರೆ ಹಾಲು ಹೆಚ್ಚಿಸೋದು ಮಗುವಿನ ಬಾಯಿಯೇ.

ಕೆಲಸಕ್ಕೆ ಸೇರಲು ಎರಡು ಮೂರು ವಾರ ಇರುವಾಗ ಹಾಲು ಹಿಂಡಿ ಇಡೋದನ್ನು ಶುರು ಮಾಡಿ. ಹೊರಗೆ, ಸೆಕೆ ಇಲ್ಲದ ಕಡೆ, 4 ಗಂಟೆ ಇಡಬಹುದು. ಫ್ರಿಜ್‌ನಲ್ಲಿ 4 ದಿನ. ಆಫೀಸಿನಲ್ಲಿ ಹಿಂಡಿದ ಹಾಲು ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಆರಾಮಾಗಿ ಮನೆ ಸೇರುತ್ತದೆ. 50 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅನ್ನುತ್ತದೆ ಕಾನೂನು. ಒಳ್ಳೆಯದೇ. ಆದರೆ ಕೂಸನ್ನು ಎತ್ತಿಕೊಂಡು ವಿಜಯನಗರದಿಂದ ಬೆಳಗಿನ ಮೆಟ್ರೊ ಹತ್ತುವವರು ಯಾರು? ನಿಮಗೆ ಬೇಕಾಗಿರೋದು ಚಿಲಕ ಇರುವ ಒಂದು ಕೋಣೆ, ಒಂದು ಫ್ರಿಜ್. ಸೇರುವ ಮುಂಚೆಯೇ ಎಚ್‌ಆರ್‌ಗೆ ಬರೆದು ಕೇಳಿ. ಶೌಚಾಲಯದಲ್ಲಿ ನಿಂತು ಹಿಂಡಬೇಕಾದ ಗತಿ ಯಾರಿಗೂ ಬೇಡ.

ಆರು ತಿಂಗಳು ತುಂಬಿದರೆ ರಾಗಿ ಸರಿ ಶುರುವಾಗುತ್ತದೆ, ಹಗಲಿನ ಚಿಂತೆ ಅರ್ಧ ಇಳಿಯುತ್ತದೆ. ಬೆಳಿಗ್ಗೆ, ಸಂಜೆ, ರಾತ್ರಿ ಎದೆಹಾಲು ಎರಡು ವರ್ಷದವರೆಗೂ, ಆಮೇಲೂ ನಡೆಯಲಿ.

ಇಷ್ಟಾದರೂ ಆಗಲಿಲ್ಲವೇ? ಡಾಕ್ಟರನ್ನು ಕೇಳಿ ಪುಡಿ ಹಾಲು ಕೊಡಿ, ಅದೇನು ಪಾಪವಲ್ಲ. ಡಬ್ಬದ ಮೇಲಿನ ಅಳತೆಯಷ್ಟೇ ಹಾಕಿ, ಉಳಿತಾಯಕ್ಕೆಂದು ನೀರು ಜಾಸ್ತಿ ಮಾಡಬೇಡಿ. ಅದರ ಜಾಹೀರಾತನ್ನು 1992ರ ಕಾಯಿದೆ ತಡೆದಿದೆ. ಗೆಳತಿಯರ ಬಾಯಿಗೆ ಕಾಯಿದೆ ಇಲ್ಲ!

ಇನ್ನು ಬಾಟಲಿಯೇ ಯಾಕೆ? ಅದರ ನಿಪ್ಪಲ್ ತೊಳೆಯೋದೇ ಒಂದು ಕೆಲಸ. ಮಗುವನ್ನು ಕೂರಿಸಿದ ಹಾಗೆ ಹಿಡಿದು, ಸುರಿಯದೆ, ಒಳಲೆಯಿಂದ ನಿಧಾನವಾಗಿ ಕುಡಿಸಬಹುದು. ಅಮ್ಮನನ್ನು ಕೇಳಿ. ನಿಮಗೆ ಕುಡಿಸಿದ ಬೆಳ್ಳಿ ಒಳಲೆ ಬೀರುವಿನಲ್ಲಿ ಇನ್ನೂ ಇರಬಹುದು. ಚೆನ್ನಾಗಿ ತೊಳೆದು, ನೀರಿನಲ್ಲಿ ಐದು ನಿಮಿಷ ಕುದಿಸಿದರೆ ಆಯಿತು.