ಉಳುಮೆಗೆ ಬಂದ ಟ್ರ್ಯಾಕ್ಟರ್ ಕಟ್ಟಿಗೆ ಹೊತ್ತ ಕತೆ

ಶಿರಸಿ, ಸಿದ್ದಾಪುರದ ಕಡೆ ಫೆಬ್ರವರಿ ಮುಗಿಯುವ ಹೊತ್ತಿಗೆ ಎರಡು ಕೆಲಸ ಒಟ್ಟಿಗೇ ಬೆನ್ನು ಹತ್ತುತ್ತವೆ. ಒಂದು, ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ ತರುವುದು. ಇನ್ನೊಂದು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡುವುದು. ಮೇ ಮುಗಿಯುವುದರೊಳಗೆ ಕಟ್ಟಿಗೆ ಸೂರಿನಡಿ ಸೇರದಿದ್ದರೆ ಜೂನ್‌ನಿಂದ ಬಚ್ಚಲ ಒಲೆಯಲ್ಲಿ ಬರೀ ಹೊಗೆ. ಈ ಸಲ ಈ ಗಡಿಬಿಡಿಯ ನಡುವೆಯೇ ಪಕ್ಕದ ಮನೆಯ ಭಾವ ಮೂರು ಕಾಗದ ಹಿಡಿದುಕೊಂಡು ಬಂದರು. ಮೂರೂ ಮಿನಿ ಟ್ರ್ಯಾಕ್ಟರ್ ಕೊಟೇಶನ್. "ಯಾವುದು ತಗೊಳ್ಳೋದು ಹೇಳು ಮಾರಾಯ" ಅಂದರು.

ಮೂರರಲ್ಲೂ ಎಚ್‌ಪಿ ಇತ್ತು, ಮಣ್ಣು ಕೊಚ್ಚಿ ಪುಡಿ ಮಾಡುವ ರೋಟವೇಟರ್ ಎಷ್ಟು ಅಗಲ ಅಂತ ಇತ್ತು, ಸಬ್ಸಿಡಿ ಎಷ್ಟು ಅಂತ ಇತ್ತು. ಭಾವನಿಗೆ ಇರುವುದು ಎರಡು ಎಕರೆ ಅಡಿಕೆ ತೋಟ. ಅದರಲ್ಲಿ ರೋಟವೇಟರ್ ಹೊಡೆಯುವ ಜಾಗವೇ ಇಲ್ಲ. ಅವರಿಗೆ ಬೇಕಿದ್ದದ್ದು ಗೊಬ್ಬರ, ದರಕು, ಅಡಿಕೆ ಕೊನೆ ಮತ್ತು ಕಟ್ಟಿಗೆ ಹೊರುವ ಗಾಡಿ. ಆಗುವುದಾದರೆ ಕಟ್ಟಿಗೆ ಕೊಯ್ದು ಸೀಳಿಕೊಡುವ ಮೆಷಿನ್. ಅದರ ಸುದ್ದಿ ಮೂರೂ ಕಾಗದದಲ್ಲಿ ಇರಲಿಲ್ಲ. ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

1917ರಲ್ಲಿ ಅಮೆರಿಕದಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂತು. ಅಗ್ಗದ್ದು, ರೈತರ ಕೈಗೆ ಎಟುಕುವಂಥದ್ದು. ಆದರೆ ಹಿಂದೆ ಕಟ್ಟಿದ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಅದು ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತಿತ್ತು. ಚಾಲಕ ಅಡಿಗೆ ಸಿಗುತ್ತಿದ್ದ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇದಕ್ಕೊಂದು ದಾರಿ ಹುಡುಕಿದರು. ನೇಗಿಲನ್ನು ಸರಪಳಿಯಲ್ಲಿ ಎಳೆಯುವ ಬದಲು ಕೆಳಗೆ ಎರಡು, ಮೇಲೆ ಒಂದು ತೋಳಿಗೆ ಸಿಕ್ಕಿಸಿ, ಹೈಡ್ರಾಲಿಕ್‌ನಿಂದ ಎತ್ತಿಳಿಸುವ ಏರ್ಪಾಡು ಅದು. ನೇಗಿಲಿಗೆ ತಡೆ ಬಂದಷ್ಟೂ ಮೇಲಿನ ತೋಳಿನ ಒತ್ತಡ ಮುಂದಿನ ಗಾಲಿಯನ್ನು ನೆಲಕ್ಕೆ ಅದುಮುತ್ತದೆ. 1938ರಲ್ಲಿ ಅವರು ಹೆನ್ರಿ ಫೋರ್ಡ್ ಜೊತೆ ಕಾಗದಪತ್ರ ಇಲ್ಲದೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಆ ಏರ್ಪಾಡು ಇದ್ದ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಇವತ್ತು ನಮ್ಮೂರಿನ ಟ್ರ್ಯಾಕ್ಟರ್ ಹಿಂದೆ ಕಾಣುವ ಮೂರು ತೋಳು ಅದೇ. ಈ ಮಗುಚುವ ವಿಷಯ ನೆನಪಿರಲಿ, ಬೆಟ್ಟದಲ್ಲಿ ದಿಮ್ಮಿ ಎಳೆಯುವಾಗ ಮತ್ತೆ ಬರುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್‌ನಲ್ಲಿ ಇನ್ನೊಂದು ದಾರಿ ತೆರೆಯಿತು. ಅಲ್ಲಿನ ಗದ್ದೆಗಳು ಚಿಕ್ಕವು. ಮೊದಲು ಕೈಯಲ್ಲಿ ಹಿಡಿದು ನಡೆಸುವ ಟಿಲ್ಲರ್, ಆಮೇಲೆ ಕುಳಿತು ಓಡಿಸುವ ಪುಟ್ಟ ಟ್ರ್ಯಾಕ್ಟರ್ ಬಂದವು. ಕುಬೋಟಾ, ಯಾನ್ಮಾರ್, ಇಸೆಕಿ, ಮಿತ್ಸುಬಿಷಿ ಎಲ್ಲರೂ ಮಾಡಿದರು. 1969ರಲ್ಲಿ ಕುಬೋಟಾ ತನ್ನ ಪುಟ್ಟ ಟ್ರ್ಯಾಕ್ಟರನ್ನು ಅಮೆರಿಕಕ್ಕೆ ಕಳಿಸಿತು. ಅಲ್ಲಿ ಗದ್ದೆ ಎಲ್ಲಿಂದ ಬರಬೇಕು? ಊರಾಚೆ ಐದು ಹತ್ತು ಎಕರೆ ಇಟ್ಟುಕೊಂಡವರು ಅದನ್ನು ಕೊಂಡರು. ಮುಂದೆ ಲೋಡರ್ ಹಾಕಿ ಹಿಮ ಬಳಿದರು, ಮಣ್ಣು ಹೊತ್ತರು. ಹಿಂದೆ ಕಟ್ಟಿಗೆ ಸೀಳುವ ಮೆಷಿನ್ ಸಿಕ್ಕಿಸಿದರು. ಭತ್ತದ ಕೆಸರಿಗೆ ಹುಟ್ಟಿದ ಯಂತ್ರ ಅಲ್ಲಿ ಕಟ್ಟಿಗೆ ಯಂತ್ರವಾಯಿತು. ಯಂತ್ರದಷ್ಟೇ ಅದರ ಅಟ್ಯಾಚ್‌ಮೆಂಟ್‌ಗಳ ವ್ಯಾಪಾರವೂ ಬೆಳೆಯಿತು.

ಅದೇ ಜಪಾನಿನ ಯಂತ್ರ ನಮ್ಮಲ್ಲಿಗೂ ಬಂತು. ಆದರೆ ಬೇರೆ ಬಾಗಿಲಿನಿಂದ. ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ಅಂದರೆ ಹಸಿರು ಕ್ರಾಂತಿ, ಪಂಜಾಬಿನ ಗೋಧಿ ಹೊಲ, ಆಳ ಉಳುಮೆ. 1960ರ ದಶಕದಿಂದ ಇಲ್ಲಿ ತಯಾರಾದ ದೊಡ್ಡ ಟ್ರ್ಯಾಕ್ಟರ್‌ಗಳ ಲೆಕ್ಕಾಚಾರ ಎಲ್ಲ ಬಯಲು ಸೀಮೆಯದು. ಮಲೆನಾಡಿನ ಪಾಲಿಗೆ ಬಂದದ್ದು ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಕಂಪನಿ ಮಿತ್ಸುಬಿಷಿ ಜೊತೆ ಸೇರಿ ಶುರುವಾಯಿತು. 1973ರಲ್ಲಿ ಕೇರಳ ಸರ್ಕಾರದ ಕ್ಯಾಮ್ಕೋ ಬಂತು, ಕುಬೋಟಾ ತಂತ್ರಜ್ಞಾನದ ಟಿಲ್ಲರ್ ತಯಾರಿಸಿತು. ಎರಡೂ ಬಂದದ್ದು ಗದ್ದೆ ಹೂಡುವುದಕ್ಕೆ.

ನಮ್ಮ ಜನ ಅದಕ್ಕೆ ಟ್ರೇಲರ್ ಕಟ್ಟಿದರು. ನಿಜವಾದ ಕತೆ ಶುರುವಾಗುವುದು ಇಲ್ಲಿಂದ.

ನಾನು ಬೆಳೆದದ್ದು ಟಿಲ್ಲರ್ ಸದ್ದಿನಲ್ಲಿ. ವರ್ಷಕ್ಕೆ ಹದಿನೈದು ದಿನ ಗದ್ದೆಯಲ್ಲಿ ಇದ್ದರೆ ಉಳಿದ ದಿನವೆಲ್ಲ ಅದು ಗಾಡಿ. ಗೊಬ್ಬರ, ಅಡಿಕೆ ಕೊನೆ, ಕೆಂಪು ಕಲ್ಲು, ಮದುವೆ ಮನೆಯ ಪಾತ್ರೆ, ಒಮ್ಮೊಮ್ಮೆ ಆಸ್ಪತ್ರೆಗೆ ಹೋಗುವವರು, ಎಲ್ಲ ಅದರಲ್ಲೇ. ಎತ್ತು ಸಾಕುವವರು ಕಡಿಮೆಯಾದ ಹಾಗೆ ಎತ್ತಿನ ಗಾಡಿಯ ಜಾಗಕ್ಕೆ ಟಿಲ್ಲರ್ ಬಂದು ಕೂತಿತು. ಯಾವ ಇಲಾಖೆಯೂ ಇದನ್ನು ಯೋಜನೆ ಹಾಕಿ ಮಾಡಲಿಲ್ಲ. ದಾಖಲೆಯಲ್ಲಿ ಅದು ಉಳುಮೆ ಯಂತ್ರವಾಗಿಯೇ ಉಳಿಯಿತು.

ಟಿಲ್ಲರ್ ಗಾಡಿ ಓಡಿಸುವುದು ಸುಲಭವಲ್ಲ. ಸ್ಟೇರಿಂಗ್ ಚಕ್ರ ಇಲ್ಲ, ಎರಡು ಹಿಡಿ, ಎರಡರ ಕೆಳಗೂ ಒಂದೊಂದು ಕ್ಲಚ್. ಎಡಗಡೆ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ ಶಕ್ತಿ ನಿಲ್ಲುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಇದು ಸಮನೆಲದಲ್ಲಿ ಮತ್ತು ಏರಿನಲ್ಲಿ. ಇಳುಕಲಿನಲ್ಲಿ ಹಿಂದಿನಿಂದ ತುಂಬಿದ ಟ್ರೇಲರ್ ದೂಡುತ್ತಿರುತ್ತದೆ. ಆಗ ಎಡ ಕ್ಲಚ್ ಹಿಡಿದರೆ ಎಡ ಚಕ್ರ ಹಿಡಿತ ತಪ್ಪಿ ಜೋರಾಗಿ ಉರುಳುತ್ತದೆ, ಗಾಡಿ ಬಲಕ್ಕೆ ಹೋಗುತ್ತದೆ! ಅಂದರೆ ಏರಿನಲ್ಲಿ ಕಲಿತದ್ದನ್ನು ಇಳಿಜಾರಿನಲ್ಲಿ ತಿರುವಿ ಹಾಕಬೇಕು. ಅಪ್ಪ ನನಗೆ ಕಲಿಸುವಾಗ ಮೊದಲು ಹೇಳಿದ ಮಾತೇ ಇದು. ಬೆಟ್ಟದಿಂದ ಕಟ್ಟಿಗೆ ಹೇರಿಕೊಂಡು ಇಳಿಯುವಾಗ ಒಮ್ಮೆ ನಾನು ಅದನ್ನು ಮರೆತೆ. ಗಾಡಿ ನೇರ ಧರೆಯ ಅಂಚಿಗೆ ಹೋಗಿ ಒಂದು ಹಲಸಿನ ಮರಕ್ಕೆ ತಾಗಿ ನಿಂತಿತು. ಆ ಮರ ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಇನ್ನು ಕಟ್ಟಿಗೆಯ ಕಡೆಗೆ ಬರೋಣ. ಉತ್ತರ ಕನ್ನಡದ ತೋಟಿಗರಿಗೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟದ ಸೌಲಭ್ಯ ಇದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಸೊಪ್ಪು, ದರಕು, ಒಣಕಟ್ಟಿಗೆ ಅಲ್ಲಿಂದ. ಕಾಲ ಕಳೆದ ಹಾಗೆ ಬೆಟ್ಟ ಬೋಳಾಯಿತು. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿ ಭಾಗದಲ್ಲಿ ಮರ ಅಪ್ಪಿಕೊಂಡು ಕಡಿತ ತಡೆಯುವ ಅಪ್ಪಿಕೋ ಚಳವಳಿ ಹುಟ್ಟಿತು, ಸಹಜ ಕಾಡಿನ ಮರ ಕಡಿಯುವುದರ ಬಗ್ಗೆ ಊರೂರಲ್ಲಿ ಮಾತು ಬದಲಾಯಿತು. ಅದೇ ದಶಕದಲ್ಲಿ ಅಕೇಶಿಯಾ ನೆಡುತೋಪು ಎಲ್ಲೆಡೆ ಎದ್ದವು. ರೈತರ ಮಾಲ್ಕಿ ಜಾಗದ ಅಂಚಿಗೂ ಅಕೇಶಿಯಾ ಬಂತು. ಅದು ಕಾಡಿಗೆ ಒಳ್ಳೆಯದು ಮಾಡಿತೆಂದು ನಾನು ಹೇಳಲಾರೆ. ಆದರೆ ಈಗ ಬಹಳ ಮನೆಗಳ ಒಲೆಯಲ್ಲಿ ಉರಿಯುವುದು ಅದೇ.

ಗ್ಯಾಸ್ ಬಂದ ಮೇಲೂ ಕಟ್ಟಿಗೆ ಯಾಕೆ ಅಂತ ಪೇಟೆಯವರು ಕೇಳುತ್ತಾರೆ. ಅಡಿಗೆಗೆ ಗ್ಯಾಸ್ ಸಾಕು, ನಿಜ. ಆದರೆ ಬಚ್ಚಲ ಹಂಡೆ ಇದೆ. ಕೆಂಪಡಿಕೆ ಮಾಡುವವರಿಗೆ ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಬೇಕು. ಕೊಯ್ಲಿನ ದಿನಗಳಲ್ಲಿ ಆ ಒಲೆ ಆರುವುದೇ ಇಲ್ಲ. ಆಲೆಮನೆ ಬೇರೆ. ಇಷ್ಟಕ್ಕೆಲ್ಲ ಕಟ್ಟಿಗೆ ಕಡಿದು ಹೊರುವ ಆಳು ಈಗ ಸಿಗುವುದಿಲ್ಲ. ಅಕೇಶಿಯಾ ಬೇರೆ ಗಂಟು ಮರ. ಹಸಿಯಿದ್ದಾಗಲೇ ಸೀಳಬೇಕು, ಒಣಗಿದರೆ ಕೊಡಲಿ ಪುಟಿದು ಬರುತ್ತದೆ.

ಆಳಿನ ಕೊರತೆ ಹೀಗೆ ಬಿಗಿಯಾಗುತ್ತಿದ್ದಾಗಲೇ ಮಿನಿ ಟ್ರ್ಯಾಕ್ಟರ್ ಮನೆಮನೆಗೆ ಬರತೊಡಗಿತು. ವಿಎಸ್‌ಟಿಯ 18 ಎಚ್‌ಪಿ ಆಸುಪಾಸಿನ ಮಿತ್ಸುಬಿಷಿ ಶಕ್ತಿ ಮೊದಲಿನಿಂದ ಇತ್ತು. ಆಮೇಲೆ ಮಹೀಂದ್ರದ 15 ಎಚ್‌ಪಿ ಯುವರಾಜ್ ಬಂತು, ಕುಬೋಟಾ ಬಂತು, ಇನ್ನೂ ಹಲವು ಬಂದವು. 2014-15ರಲ್ಲಿ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಶುರುವಾಯಿತು. ಅದೇ ಹೊತ್ತಿಗೆ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಕೊಡತೊಡಗಿದವು. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಅರ್ಜಿಗೆ ಸಾಲು ನಿಂತಿತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಭಾವನ ಹಾಗೆ ಯೋಚಿಸುತ್ತಾ ಕುಳಿತವರೂ ಎದ್ದರು.

ಇಷ್ಟೆಲ್ಲ ಒಳ್ಳೆಯದಕ್ಕೇ ಆಯಿತು. ತೊಡಕು ಇರುವುದು ಯಂತ್ರದ ಹಿಂಬದಿಯಲ್ಲಿ. ಟ್ರ್ಯಾಕ್ಟರ್ ಜೊತೆ ಸಾಮಾನ್ಯವಾಗಿ ಮನೆಗೆ ಬರುವುದು ರೋಟವೇಟರ್ ಇಲ್ಲವೇ ಕಲ್ಟಿವೇಟರ್. ಬಯಲು ಸೀಮೆಯ ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ ಅದು ಸರಿ. ಅಡಿಕೆ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ, ನಡುವೆ ಕಾಳುಮೆಣಸು, ಏಲಕ್ಕಿ, ಬಾಳೆ, ಎರಡು ಸಾಲು ಬಿಟ್ಟರೆ ಬಸಿಗಾಲುವೆ. ನಮ್ಮೂರಿನಲ್ಲಿ ಕನಿಷ್ಠ ನಾಲ್ಕು ರೋಟವೇಟರ್ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿವೆ. ಅದೇ ದುಡ್ಡಿನಲ್ಲಿ ಎತ್ತಿ ಸುರಿಯುವ ಟ್ರೇಲರ್, ಗುಂಡಿ ತೋಡುವ ಯಂತ್ರ, ಸೋಗೆ ಪುಡಿ ಮಾಡುವ ಯಂತ್ರ ಬಂದಿದ್ದರೆ ವರ್ಷವಿಡೀ ಕೆಲಸವಿರುತ್ತಿತ್ತು ಅಲ್ವಾ? ಕಟ್ಟಿಗೆ ಸೀಳುವುದು ಕೃಷಿ ಕೆಲಸ ಅಂತ ಯಾರ ಲೆಕ್ಕದಲ್ಲೂ ಬರಲಿಲ್ಲ. ಕೃಷಿ ಅಂದರೆ ಉಳುಮೆ ಅನ್ನುವ ಹಳೆಯ ಲೆಕ್ಕವೇ ಅರ್ಜಿಯಿಂದ ಕೊಟೇಶನ್‌ವರೆಗೂ ಸುಮ್ನೆ ಮುಂದುವರಿದಿದೆ.

ಎಚ್‌ಪಿ ಲೆಕ್ಕವೂ ಹಾಗೆಯೇ. ಕಾಗದದ ಮೇಲಿನದು ಎಂಜಿನ್ ಎಚ್‌ಪಿ. ಎಂಜಿನ್ ಶಕ್ತಿಯನ್ನು ಹಿಂದೆ ಕಟ್ಟಿದ ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟಿಗೆ ಬರುವಷ್ಟರಲ್ಲಿ ಅದು ಒಂದಷ್ಟು ಕಡಿಮೆಯಾಗಿರುತ್ತದೆ. ಸೌದೆ ಯಂತ್ರ ಓಡುವುದು ಆ ಶಾಫ್ಟಿನಿಂದ. ಚಿಕ್ಕ ಟ್ರ್ಯಾಕ್ಟರ್‌ನ ಕೆಳತೋಳುಗಳ ಅಂತರವೂ ಕಿರಿದು, ದೊಡ್ಡ ಟ್ರ್ಯಾಕ್ಟರ್‌ನ ಸಾಮಾನು ಅದಕ್ಕೆ ಕೂರುವುದಿಲ್ಲ. ಹಾಗಾಗಿ ಜನ ಪೇಟೆಯ ವೆಲ್ಡಿಂಗ್ ಶಾಪಿಗೆ ಹೋಗುತ್ತಾರೆ. ಅಲ್ಲಿ ಜಾಣರಿದ್ದಾರೆ. ಟ್ರ್ಯಾಕ್ಟರ್‌ನ ಹೈಡ್ರಾಲಿಕ್‌ನಿಂದಲೇ ಸಿಲಿಂಡರ್ ನಡೆಸಿ ದಿಮ್ಮಿಯನ್ನು ಬೆಣೆಗೆ ಒತ್ತುವ ಯಂತ್ರ ಮಾಡಿಕೊಡುತ್ತಾರೆ. ಪುಟ್ಟ ಟ್ರ್ಯಾಕ್ಟರ್‌ನ ಪಂಪು ಚಿಕ್ಕದಾದ್ದರಿಂದ ಅದು ನಿಧಾನ. ಆದರೆ ಕೈ ತೆಗೆಯಲು ಹೊತ್ತು ಸಿಗುತ್ತದೆ. ಇನ್ನೊಂದು ಬಗೆ, ಶಾಫ್ಟಿಗೆ ನೇರ ಗರಗಸದ ಚಕ್ರ ಅಥವಾ ತಿರುಪಿನ ಮೊಳೆ ಕೂರಿಸುವುದು. ಅದು ಬೇಗ. ನನಗೆ ಅದನ್ನು ಕಂಡರೆ ಹೆದರಿಕೆ.

ಹೆದರಿಕೆಗೆ ಕಾರಣ ಇದೆ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ಚುಂಗು ಒಂದು ತಾಗಿದರೆ ಸಾಕು, ಅಯ್ಯೋ ಅನ್ನುವುದರೊಳಗೆ ಹತ್ತು ಸುತ್ತು ಸುತ್ತಿರುತ್ತದೆ. ಕಂಪನಿಯಿಂದ ಬರುವಾಗ ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇರುತ್ತದೆ. ಗ್ರೀಸ್ ಹಚ್ಚಲು ಅಡ್ಡ ಬರುತ್ತದೆ ಅಂತ ತೆಗೆದು ಅಟ್ಟಕ್ಕೆ ಎಸೆದವರನ್ನು ನಾನೇ ನೋಡಿದ್ದೇನೆ. ಹಾಗೆ ಒಬ್ಬ ಬಂಧುವಿನ ಲುಂಗಿ ಸಿಕ್ಕಿತು. ಬಟ್ಟೆ ಹಳತಾಗಿದ್ದರಿಂದ ಹರಿದು ಬಂತು, ಮನುಷ್ಯ ಉಳಿದ.

ದಿಮ್ಮಿ ಎಳೆಯುವುದು ಇನ್ನೊಂದು ಅಪಾಯ. ಫರ್ಗುಸನ್‌ನ ಮೇಲಿನ ತೋಳು ನೇಗಿಲಿನ ಒತ್ತಡ ತಡೆಯಲು ಇರುವುದು, ಎಳೆಯಲು ಅಲ್ಲ. ಅವಸರಕ್ಕೆ ಸರಪಳಿಯನ್ನು ಅದರ ಗೂಟಕ್ಕೇ ಕಟ್ಟಿ ಏರಿನಲ್ಲಿ ದಿಮ್ಮಿ ಎಳೆದರೆ ಬಲ ಹಿಂದಿನ ಅಚ್ಚಿಗಿಂತ ಮೇಲೆ ಬೀಳುತ್ತದೆ. ದಿಮ್ಮಿ ಬೇರಿಗೆ ಸಿಕ್ಕ ಗಳಿಗೆಯಲ್ಲಿ ಮುಂದಿನ ಗಾಲಿ ಏಳುತ್ತದೆ, ನೂರು ವರ್ಷದ ಹಿಂದಿನ ಫೋರ್ಡ್‌ಸನ್ ಎದ್ದ ಹಾಗೆಯೇ. ಸರಪಳಿ ಯಾವಾಗಲೂ ಅಚ್ಚಿಗಿಂತ ಕೆಳಗಿರುವ ಎಳೆಯುವ ಪಟ್ಟಿಗೇ, ಅಂದರೆ ಡ್ರಾ ಬಾರ್‌ಗೇ ಇರಬೇಕು. ಮಗುಚಿದರೂ ಚಾಲಕ ಉಳಿಯುವಂತೆ ತಲೆಯ ಮೇಲೆ ಕಬ್ಬಿಣದ ಕಮಾನು ಇರಲೇಬೇಕು ಅಂತ ಸ್ವೀಡನ್ ಹೊಸ ಟ್ರ್ಯಾಕ್ಟರ್‌ಗಳಿಗೆ 1959ರಲ್ಲೇ ನಿಯಮ ಮಾಡಿತು. ನಮ್ಮ ಇಳಿಜಾರಿನ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಅದು ಇಂದಿಗೂ ಅಪರೂಪ. ಸಬ್ಸಿಡಿ ಪಟ್ಟಿಯಲ್ಲಿ ಒಂದು ಸಾಲು ಇದಕ್ಕೂ ಇದ್ದಿದ್ದರೆ ಎಷ್ಟೋ ಮನೆಗೆ ಉಪಕಾರವಾಗುತ್ತಿತ್ತು.

ಭಾವನಿಗೆ ಇದನ್ನೆಲ್ಲ ಒಂದೇ ಸಂಜೆಯಲ್ಲಿ ಹೇಳಲಿಲ್ಲ. ಕೊಟೇಶನ್ ಹಿಂಬದಿಯಲ್ಲಿ ಅವರೇ ಪೆನ್ನಿನಲ್ಲಿ ಬರೆದುಕೊಂಡರು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಸಿಗಬೇಕು, ಬೆಟ್ಟದ ದಾರಿ ಜಾರುತ್ತದೆ. ರೋಟವೇಟರ್ ಬೇಡ. ಟ್ರೇಲರ್‌ಗೆ ಬ್ರೇಕ್ ಇರಲೇಬೇಕು. ಆಮೇಲೆ ಟೇಪು ಹಿಡಿದು ತೋಟಕ್ಕೆ ಇಳಿದೆವು. ಕಾಲುವೆಯ ಮೇಲಿನ ಸಂಕ ಮೂರೂವರೆ ಅಡಿ ಅಗಲ ಇತ್ತು. ಕೆಳಗಿನ ಎರಡು ಕಲ್ಲು ಸಡಿಲವಾಗಿ ಅಲುಗುತ್ತಿದ್ದವು. ಭಾವ ಒಂದನ್ನು ಕಾಲಿನಲ್ಲಿ ಒತ್ತಿ ನೋಡಿ, "ಮೊದಲು ಸಂಕ ಕಟ್ಟಿಸ್ತೇನೆ, ಟ್ರ್ಯಾಕ್ಟರ್ ದೀಪಾವಳಿಗೆ ನೋಡಿದರಾಯ್ತು" ಅಂದರು. ಈ ವಾರ ಅವರ ಅಂಗಳಕ್ಕೆ ಒಂದು ಲೋಡ್ ಕೆಂಪು ಕಲ್ಲು ಬಂದು ಬಿದ್ದಿದೆ. ತಂದದ್ದು ನಮ್ಮ ಹಳೆಯ ಟಿಲ್ಲರ್‌ನಲ್ಲೇ.