ಐಸಿಯು ಸೋಂಕಿನ ಸಂಶೋಧನೆ: ಯಾರ ಒಪ್ಪಿಗೆ ಬೇಕು?

2007ರ ಕೊನೆಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ನಡೆಯುತ್ತಿದ್ದ ಒಂದು ಕೆಲಸ ಅರ್ಧಕ್ಕೆ ನಿಂತಿತು. ರೋಗಿಗಳ ರಕ್ತಕ್ಕೆ ಸೋಂಕು ತಗಲುವುದನ್ನು ತಡೆಯುವ, ಎಷ್ಟು ತಡೆದೆವು ಎಂದು ಲೆಕ್ಕವಿಡುವ ಕೆಲಸ ಅದು. ಅದರಿಂದ ಯಾವ ರೋಗಿಗೂ ಕೇಡಾಗಿದ್ದಿಲ್ಲ. ಆದರೆ ಸಂಶೋಧನೆಗೆ ಒಳಪಡುವವರ ರಕ್ಷಣೆ ನೋಡಿಕೊಳ್ಳುವ ಅಲ್ಲಿನ ಕೇಂದ್ರ ಸರ್ಕಾರದ ಕಚೇರಿ, ಯೋಜನೆ ನಡೆಸುತ್ತಿದ್ದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಆಕ್ಷೇಪ ಎತ್ತಿತು. ಇದು ಸಂಶೋಧನೆಯೇ ಆಗಿದೆ, ಇದಕ್ಕೆ ಎಥಿಕ್ಸ್ ಕಮಿಟಿಯ (ಸಂಶೋಧನೆ ನೈತಿಕವಾಗಿ ಸರಿಯೇ ಎಂದು ನೋಡುವ ಸಮಿತಿಯ) ಸರಿಯಾದ ಪರಿಶೀಲನೆ ನಡೆದಿಲ್ಲ, ಒಪ್ಪಿಗೆಯನ್ನೂ ಪಡೆದಿಲ್ಲ ಎಂಬುದು ಕಚೇರಿಯ ವಾದ.

ಯೋಜನೆಯ ಹಿಂದಿದ್ದವರು ಹಾಪ್‌ಕಿನ್ಸ್‌ನ ವೈದ್ಯ ಪೀಟರ್ ಪ್ರೊನೊವೊಸ್ಟ್. ಐಸಿಯು ರೋಗಿಯ ಕುತ್ತಿಗೆಯ, ಎದೆಯ ಅಥವಾ ತೊಡೆಸಂದಿನ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಗೆ ಆಸ್ಪತ್ರೆಯವರು ಸೆಂಟ್ರಲ್ ಲೈನ್ ಎನ್ನುತ್ತಾರೆ. ಔಷಧಿ ಹೋಗುವ ಆ ದಾರಿಯಲ್ಲೇ ಬ್ಯಾಕ್ಟೀರಿಯಾ ಸಹ ನೇರ ರಕ್ತಕ್ಕೆ ಇಳಿಯಬಹುದು. ತಡೆಯುವ ಕ್ರಮಗಳು ಎಲ್ಲರಿಗೂ ಗೊತ್ತಿದ್ದವೇ: ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದಿಂದ ಒರೆಸುವುದು, ಗೌನು, ಗ್ಲೌಸು, ಮಾಸ್ಕು ಹಾಕಿಕೊಂಡು ರೋಗಿಯ ಮೈಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸುವುದು, ಆದಷ್ಟೂ ತೊಡೆಸಂದಿನಲ್ಲಿ ಲೈನ್ ಹಾಕದಿರುವುದು, ಬೇಡವಾದ ಲೈನನ್ನು ಕೂಡಲೇ ತೆಗೆಯುವುದು. 2001ರಲ್ಲಿ ಪ್ರೊನೊವೊಸ್ಟ್ ತಮ್ಮ ಐಸಿಯುವಿನ ನರ್ಸ್‌ಗಳಿಗೆ ಒಂದು ತಿಂಗಳು ಸುಮ್ಮನೆ ಗಮನಿಸಲು ಹೇಳಿದರು. ಮೂರನೇ ಒಂದು ಭಾಗಕ್ಕೂ ಹೆಚ್ಚು ರೋಗಿಗಳ ವಿಷಯದಲ್ಲಿ ವೈದ್ಯರು ಯಾವುದಾದರೂ ಒಂದು ಹೆಜ್ಜೆಯನ್ನಾದರೂ ಬಿಟ್ಟಿದ್ದರು. ಆಮೇಲೆ ಆಡಳಿತ ಮಂಡಳಿ, ಹೆಜ್ಜೆ ತಪ್ಪಿದರೆ ವೈದ್ಯರನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗಳಿಗೇ ಕೊಟ್ಟಿತು. ಇಡೀ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಗೊತ್ತಿದ್ದೂ ಬಾಯಿ ಬಿಡಲಾಗದೆ ನಿಂತಿರುತ್ತಿದ್ದವರಿಗೆ ಮಾತಾಡುವ ಹಕ್ಕು ಬಂತು.

ಇದನ್ನೇ ಮಿಷಿಗನ್‌ನ ನೂರಕ್ಕೂ ಹೆಚ್ಚು ಐಸಿಯುಗಳಿಗೆ ವಿಸ್ತರಿಸಿದಾಗ, ಸಾವಿರ ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) ಸರಾಸರಿ 7.7ರಷ್ಟಿದ್ದ ಸೋಂಕು ಒಂದೂವರೆ ವರ್ಷದ ಹೊತ್ತಿಗೆ 1.4ಕ್ಕೆ ಇಳಿಯಿತು. 2006ರ ಡಿಸೆಂಬರ್‌ನಲ್ಲಿ ಈ ವರದಿ ಪ್ರಕಟವಾಯಿತು. ಮರುವರ್ಷವೇ ದೂರು, ತನಿಖೆ, ಆಕ್ಷೇಪದ ಪತ್ರ.

ಅಷ್ಟು ಬಿಗಿ ಏಕೆ ಎಂದು ಕೇಳುವವರು ಅಲಬಾಮದ ಟಸ್ಕೆಗಿಯನ್ನು ನೆನೆಯಬೇಕು. 1932ರಿಂದ 1972ರವರೆಗೆ ಅಲ್ಲಿ ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಪುರುಷರಿಗೆ ಅವರ ಕಾಯಿಲೆಯ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತಿತ್ತು. ಆ ಪುರುಷರನ್ನು ದಶಕಗಳ ಕಾಲ ಅಧ್ಯಯನದಲ್ಲಿ ಹಿಡಿದಿಟ್ಟ ಕೊಂಡಿ ಯೂನಿಸ್ ರಿವರ್ಸ್ ಎಂಬ ನರ್ಸ್. ಅವರೂ ಕಪ್ಪು ಸಮುದಾಯದವರೇ. ಮನೆಮನೆಗೆ ಹೋಗಿ ಮಾತಾಡಿಸುತ್ತಿದ್ದರು, ತಪಾಸಣೆಗೆ ಕಾರಿನಲ್ಲಿ ಕರೆತರುತ್ತಿದ್ದರು. ಜನ ನಂಬಿದ್ದು ಅವರನ್ನು. ಅವರ ಪಾಲಿನ ಹೊಣೆ ಎಷ್ಟು, ವೈದ್ಯರ ಕೈಕೆಳಗೆ ದುಡಿಯುತ್ತಿದ್ದ ಒಬ್ಬ ಹೆಂಗಸು ಎಷ್ಟರ ಮಟ್ಟಿಗೆ ಎದುರು ನಿಲ್ಲಬಹುದಿತ್ತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈ ಹಗರಣ ಬಯಲಾದ ಮೇಲೆಯೇ 1974ರಲ್ಲಿ ಅಮೆರಿಕದ ಸಂಶೋಧನಾ ಕಾಯ್ದೆ, 1979ರಲ್ಲಿ ಮನುಷ್ಯರ ಮೇಲಿನ ಸಂಶೋಧನೆಯ ನೈತಿಕ ತತ್ವಗಳನ್ನು ಹೇಳುವ ಬೆಲ್ಮಾಂಟ್ ವರದಿ, 1991ರಲ್ಲಿ ಕೇಂದ್ರ ಸರ್ಕಾರದ ಹಲವು ಇಲಾಖೆಗಳಿಗೆ ಅನ್ವಯಿಸುವ ಸಾಮಾನ್ಯ ನಿಯಮ ಬಂದವು. ಮಿಷಿಗನ್‌ಗೆ ಅಡ್ಡ ಬಂದದ್ದು ಈ ನಿಯಮವೇ. ಹಾಗಾಗಿ ಕಚೇರಿಯನ್ನು ಖಳನಾಯಕನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಆದರೂ ಅದರ ತೂಕ ತಪ್ಪಿತ್ತು. ಹೊಸ ಔಷಧಿಯ ಪ್ರಯೋಗಕ್ಕೆ ಬೇಕಾದ ಎಚ್ಚರಿಕೆಯನ್ನು ಕೈ ತೊಳೆಯಿರಿ ಎನ್ನುವ ಪಟ್ಟಿಗೂ ಹಾಕಲಾಯಿತು. ಕೈ ತೊಳೆಯದೆ ಲೈನ್ ಹಾಕಿಸಿಕೊಳ್ಳಲು ಒಪ್ಪುತ್ತೀರಾ ಎಂದು ಯಾವ ರೋಗಿಯನ್ನೂ ಯಾರೂ ಕೇಳುವುದಿಲ್ಲವಷ್ಟೆ.

2007ರ ಡಿಸೆಂಬರ್ 30ರಂದು ಶಸ್ತ್ರವೈದ್ಯ ಅತುಲ್ ಗವಾಂಡೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದನ್ನು ಬರೆದಾಗ ಗಲಾಟೆ ಎದ್ದಿತು. 2008ರ ಫೆಬ್ರುವರಿಯಲ್ಲಿ ಕಚೇರಿ, ಕೆಲಸ ಮುಂದುವರಿಸಬಹುದು ಎಂದಿತು. ಮೊದಲೇ ಅರ್ಜಿ ಹಾಕಿದ್ದರೆ ತ್ವರಿತ ಪರಿಶೀಲನೆ ಸಿಗುತ್ತಿತ್ತು, ಒಪ್ಪಿಗೆ ಪತ್ರದಿಂದಲೂ ಬಹುಶಃ ವಿನಾಯಿತಿ ಇರುತ್ತಿತ್ತು ಎಂದೂ ಹೇಳಿತು.

ಆ ಪತ್ರವ್ಯವಹಾರದಲ್ಲಿ ಇನ್ನೊಂದು ಮಾತಿತ್ತು. ಗದ್ದಲದಲ್ಲಿ ಅದರ ಕಡೆ ಹೆಚ್ಚು ಜನ ನೋಡಲಿಲ್ಲ. ರೋಗಿಗಳಷ್ಟೇ ಅಲ್ಲ, ವೈದ್ಯರು ಮತ್ತು ನರ್ಸ್‌ಗಳು ಕೂಡ ಸಂಶೋಧನೆಗೆ ಒಳಪಟ್ಟವರೇ ಎಂದು ಕಚೇರಿ ಹೇಳಿತ್ತು. ಈ ಮಾತು ಸರಿ. ಸೋಂಕು ತಡೆಯುವ ಸಂಶೋಧನೆಯಲ್ಲಿ ನಿಜಕ್ಕೂ ಪರೀಕ್ಷೆಗೆ ಒಳಗಾಗುವುದು ಸಿಬ್ಬಂದಿಯ ಕೈ, ಅವರ ಅಭ್ಯಾಸ, ಅವರ ತಪ್ಪು.

ಕೈ ತೊಳೆಯುವುದನ್ನು ಗಮನಿಸುವ ಅಧ್ಯಯನವನ್ನೇ ನೋಡಿ. ಹೇಳಿಯೇ ನೋಡಿದರೆ ಸಿಗುವ ಲೆಕ್ಕ ನಿಜವಲ್ಲ. ಟೊರಾಂಟೊದ ಆಸ್ಪತ್ರೆಯೊಂದರಲ್ಲಿ ಕೈ ಶುಚಿಗೊಳಿಸುವ ದ್ರವದ ಡಿಸ್ಪೆನ್ಸರ್‌ಗಳಿಗೆ ಇಲೆಕ್ಟ್ರಾನಿಕ್ ಎಣಿಕೆ ಅಳವಡಿಸಿ ಲೆಕ್ಕಹಾಕಿದಾಗ, ಪರಿವೀಕ್ಷಕರು ಕಣ್ಣಿಗೆ ಬೀಳುವ ಜಾಗದಲ್ಲಿ ಕೈ ಶುಚಿಗೊಳಿಸುವುದು ಸುಮಾರು ಮೂರು ಪಟ್ಟು ಹೆಚ್ಚಿತ್ತು. ಈ ವರದಿ ಬಂದದ್ದು 2014ರಲ್ಲಿ. ಹೇಳದೆ ಕದ್ದು ನೋಡಿದರೆ ಲೆಕ್ಕ ಸಿಗುತ್ತದೆ, ಜೊತೆ ಕೆಲಸ ಮಾಡುವವರ ನಂಬಿಕೆ ಹೋಗುತ್ತದೆ. ವಾರ್ಡಿನಲ್ಲಿ ಗಮನಿಸುವಿಕೆ ನಡೆಯುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ, ಯಾವ ದಿನ ಯಾರು ಎಂಬುದನ್ನು ಮಾತ್ರ ಹೇಳದಿರುವುದು, ಹೆಸರು ಬರೆದುಕೊಳ್ಳದಿರುವುದು, ಮುಗಿದ ಮೇಲೆ ಫಲಿತಾಂಶವನ್ನು ಅವರ ಮುಂದೆಯೇ ಇಡುವುದು ನನ್ನ ಮಟ್ಟಿಗೆ ಒಪ್ಪುವಂಥ ದಾರಿ.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಅಪಾಯ ತೀರ ಕಡಿಮೆ ಇರುವ ಅಧ್ಯಯನಕ್ಕೆ ಒಪ್ಪಿಗೆಯಿಂದ ವಿನಾಯಿತಿ ಕೊಡಲು ಎಥಿಕ್ಸ್ ಕಮಿಟಿಗೆ ಅವಕಾಶ ಇಟ್ಟಿದೆ. ವಿನಾಯಿತಿ ಕೊಡುವುದು ಕಮಿಟಿ, ಸಂಶೋಧಕರು ತಾವೇ ತೆಗೆದುಕೊಳ್ಳುವಂತಿಲ್ಲ. ಮೇಲಿನವರ ಭಯಕ್ಕೆ ಹೂಂ ಎನ್ನಬಹುದಾದವರಿಗೆ ಹೆಚ್ಚಿನ ರಕ್ಷಣೆ ಬೇಕೆಂದೂ ಅದು ಹೇಳುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎಂಎಸ್ಸಿ ನರ್ಸಿಂಗ್ ಪ್ರಬಂಧಗಳನ್ನು ನೋಡಿದವರಿಗೆ ಒಂದು ಮಾದರಿ ಚೆನ್ನಾಗಿ ಗೊತ್ತು: ಸ್ಟಾಫ್ ನರ್ಸ್‌ಗಳಿಗೆ ಪ್ರಶ್ನಾವಳಿ ಕೊಟ್ಟು, ಪಾಠ ಹೇಳಿ, ಮತ್ತೆ ಅದೇ ಪ್ರಶ್ನಾವಳಿ ಕೊಡುವುದು. ನರ್ಸಿಂಗ್ ಸೂಪರಿಂಟೆಂಡೆಂಟರ ಅನುಮತಿ ಇದೆ ಎಂದ ಮಾತ್ರಕ್ಕೆ ನೈಟ್ ಡ್ಯೂಟಿ ಮುಗಿಸಿ ನಿಂತ ಸಿಸ್ಟರ್ ಒಪ್ಪಿದಂತಾಗುವುದಿಲ್ಲ. ನನಗೆ ಬೇಡ ಎಂದರೆ ಡ್ಯೂಟಿ ಪಟ್ಟಿಯಲ್ಲಿ ಏನೂ ಬದಲಾಗದು ಎಂಬ ಭರವಸೆ ಅವರಿಗೆ ಲಿಖಿತವಾಗಿ ಸಿಗಬೇಕು. ಯಾರಿಗೆ ಎಷ್ಟು ಅಂಕ ಬಂತು ಎಂಬುದು ಸೂಪರಿಂಟೆಂಡೆಂಟರ ಮೇಜಿಗೆ ಹೋಗಕೂಡದು.

ಪ್ರಬಂಧ ಪ್ರಸ್ತಾವಗಳಲ್ಲಿ ಬಿಟ್ಟುಹೋಗಬಹುದಾದ ಇನ್ನೊಂದು ಸಂಗತಿಯಿದೆ. ಕೈಯಲ್ಲಿ ಚೆಕ್‌ಲಿಸ್ಟ್ ಹಿಡಿದು ಮೂಲೆಯಲ್ಲಿ ನಿಂತ ವಿದ್ಯಾರ್ಥಿನಿಯ ಕಣ್ಣೆದುರೇ ಡಾಕ್ಟರು ಕೈ ತೊಳೆಯದೆ ಲೈನ್ ಹಾಕಲು ಹೊರಟರೆ ಆಕೆ ಏನು ಮಾಡಬೇಕು? ‘ಇಲ್ಲ’ ಎಂಬ ಕಾಲಮ್ಮಿನಲ್ಲಿ ಗುರುತು ಹಾಕಿ ಸುಮ್ಮನಿದ್ದರೆ ಅಂಕಿಅಂಶ ಶುದ್ಧವಾಗಿರುತ್ತದೆ, ಸೋಂಕು ತಗಲುವುದು ಮಂಚದ ಮೇಲಿರುವವರಿಗೆ. ಆಗ ಆಕೆ ತಡೆಯಬಹುದು, ತಡೆದ ಪ್ರಸಂಗವನ್ನು ಬೇರೆಯಾಗಿ ದಾಖಲಿಸಬೇಕು ಎಂದು ಪ್ರಸ್ತಾವದಲ್ಲೇ ಬರೆದು, ಕಮಿಟಿಯ ಸಹಿ ಪಡೆದು, ಅಧ್ಯಯನ ಶುರುವಾಗುವ ಮೊದಲೇ ಆ ಐಸಿಯುವಿನ ಪ್ರತಿ ವೈದ್ಯರಿಗೂ ತಿಳಿಸಿರಬೇಕು.